ಕುದುರೆ ಮಂಜಿನಲ್ಲಿ ಮಲಗಿದರೆ

ಈಗಷ್ಟೇ ನಾವೆಲ್ಲ ಒಟ್ಟಿಗೆ ನೋಡಿದ ಚಿತ್ರ ಮುಗಿದು ದೀಪ ಹಾಕುವ ಹೊತ್ತಿಗೆ ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗ ಅಮ್ಮನನ್ನು ಕೇಳಿದ್ದು ನನ್ನ ಕಿವಿಗೂ ಬಿತ್ತು. "ಅಮ್ಮ, ಆ ಕುದುರೆ ಯಾರದು?" ಅಮ್ಮ ಏನೋ ಹೇಳಹೋಗಿ ಸುಮ್ಮನಾದರು. ನಾನು ಟಿಪ್ಪಣಿ ಮಾಡಿಕೊಂಡು ಬಂದದ್ದು ಬೇರೆ ಕಡೆಯಿಂದ ಶುರುವಾಗುತ್ತಿತ್ತು. ಈಗ ಅದನ್ನು ಪಕ್ಕಕ್ಕಿಟ್ಟು ಕುದುರೆಯ ಬೆನ್ನು ಹಿಡಿದೇ ಹೋಗೋಣ ಅನ್ನಿಸುತ್ತಿದೆ. ಏಕೆಂದರೆ ಈ ಚಿತ್ರದಲ್ಲಿ ಎಲ್ಲವೂ ಶುರುವಾಗುವುದು ಆ ಕುದುರೆಯಿಂದ. ಅದು ಯಾರದು, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಚಿತ್ರ ಒಮ್ಮೆಯೂ ಹೇಳುವುದಿಲ್ಲ.

ಮೊದಲು ವಿವರಗಳನ್ನು ಬೇಗ ಹೇಳಿಬಿಡುತ್ತೇನೆ. ರಷ್ಯನ್ ಭಾಷೆಯಲ್ಲಿ ಇದರ ಹೆಸರು 'ಯೋಝಿಕ್ ವ್ ತುಮಾನೆ', ಅಂದರೆ 'ಮಂಜಿನಲ್ಲಿ ಯೋಝಿಕ್'. 1975ರಲ್ಲಿ ಮಾಸ್ಕೋದ ಸೊಯೂಜ್‌ಮುಲ್ತ್‌ಫಿಲ್ಮ್ ಸ್ಟುಡಿಯೋದಲ್ಲಿ ತಯಾರಾದ, ಹತ್ತು ನಿಮಿಷದ ಅನಿಮೇಷನ್ ಚಿತ್ರ. ನಿರ್ದೇಶಕ ಯೂರಿ ನೋರ್ಷ್ಟೇನ್. ಪಾತ್ರಗಳನ್ನೂ ಕಾಡನ್ನೂ ಚಿತ್ರಿಸಿದವರು ಅವರ ಪತ್ನಿ ಫ್ರಾಂಚೆಸ್ಕಾ ಯಾರ್ಬುಸೊವಾ. ಕ್ಯಾಮೆರಾ ಅಲೆಕ್ಸಾಂಡರ್ ಝುಕೋವ್‌ಸ್ಕಿ ಅವರದು, ಸಂಗೀತ ಮಿಖಾಯಿಲ್ ಮೆಯೆರೊವಿಚ್ ಅವರದು. ಕಥೆ ಸೆರ್ಗೆಯ್ ಕೊಜ್ಲೋವ್ ಅವರದು. ಕಾಡಿನ ಪುಟ್ಟ ಪ್ರಾಣಿಗಳನ್ನಿಟ್ಟುಕೊಂಡು ಮಕ್ಕಳಿಗೆ ಚಿಕ್ಕ ಚಿಕ್ಕ ಕಥೆಗಳನ್ನು ಬರೆದವರು ಅವರು. ಕಥೆ ಹೇಳುವ ಆ ಮೃದುವಾದ ಗಂಡುದನಿ ಇದೆಯಲ್ಲ, ಅದು ಆ ಕಾಲದ ಹೆಸರಾಂತ ಸಿನಿಮಾ ನಟ ಅಲೆಕ್ಸಿ ಬತಾಲೋವ್ ಅವರದು.

ಯೋಝಿಕ್ ಅಂದರೇನು ಎಂಬಲ್ಲಿ ಒಂದು ನಿಮಿಷ ನಿಲ್ಲಬೇಕು. ನಮ್ಮಲ್ಲಿ ಇದನ್ನು ತೋರಿಸಿದಾಗಲೆಲ್ಲ ಯಾರಾದರೊಬ್ಬರು 'ಮುಳ್ಳುಹಂದಿ' ಎನ್ನುತ್ತಾರೆ. ಮುಳ್ಳುಹಂದಿ ಬೇರೆ. ಅದು ದೊಡ್ಡ ಪ್ರಾಣಿ, ಗೇಣುದ್ದದ ಕಪ್ಪುಬಿಳಿ ಮುಳ್ಳು, ರಾತ್ರಿ ಗೆಡ್ಡೆ ಗೆಣಸು ಅಗೆದು ತಿನ್ನುವಂಥದ್ದು. ಯೋಝಿಕ್ ಅಂಗೈಯಲ್ಲಿ ಕೂರುವಷ್ಟು ಪುಟ್ಟ ಜೀವ. ಗಿಡ್ಡ ಮುಳ್ಳು, ಚೂಪು ಮೂತಿ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಹುಳುಹುಪ್ಪಟೆ ತಿನ್ನುತ್ತದೆ. ತಮಿಳಿನವರು ಈ ಜಾತಿಯ ಪ್ರಾಣಿಗೆ ಮುಳ್ಳೆಲಿ ಎನ್ನುತ್ತಾರೆ. ನಾನು ಅದನ್ನೇ ಕನ್ನಡಕ್ಕೆ ತಿರುಗಿಸಿ ಮುಳ್ಳಿಲಿ ಎನ್ನುತ್ತೇನೆ. ಹೆಸರಿನ ವಿಷಯಕ್ಕೆ ಇಷ್ಟೇಕೆ ಹಟ ಅಂದರೆ, ಈ ಕಥೆಗೆ ಆ ಪ್ರಾಣಿಯ ಗಾತ್ರವೇ ಮುಖ್ಯ. ಒಂದು ಎಲೆ ಉದುರಿದರೆ ಅದು ಮುಳ್ಳಿಲಿಗೆ ಒಂದು ಘಟನೆ. ನಾಯಿ ಬಂದರೆ ಪ್ರಪಂಚವೇ ಎದುರು ಬಂದು ನಿಂತಂತೆ. ಮುಳ್ಳುಹಂದಿಗೆ ಇದು ಹೊಂದುವುದಿಲ್ಲ.

ಕಥೆ ಏನು? ಪ್ರತಿ ಸಂಜೆ ಮುಳ್ಳಿಲಿ ತನ್ನ ಗೆಳೆಯ ಕರಡಿಮರಿಯ ಮನೆಗೆ ಹೋಗುತ್ತದೆ, ನಕ್ಷತ್ರ ಎಣಿಸಲು. ಇಬ್ಬರೂ ಮರದ ದಿಮ್ಮಿಯ ಮೇಲೆ ಕೂತು ಚಹಾ ಕುಡಿಯುತ್ತಾ ಎಣಿಸುತ್ತಾರೆ. ಮನೆಯ ಚಿಮಣಿಯಿಂದ ಬಲಕ್ಕಿರುವ ನಕ್ಷತ್ರಗಳು ಕರಡಿಮರಿಯವು, ಎಡಕ್ಕಿರುವವು ಮುಳ್ಳಿಲಿಯವು. ಆಕಾಶವನ್ನು ಹಂಚಿಕೊಂಡ ಈ ರೀತಿ ನೋಡಿ! ಅಣ್ಣತಮ್ಮಂದಿರು ಬದು ಹಾಕಿಕೊಂಡಂತೆ ಹಂಚಿಕೊಂಡಿದ್ದಾರೆ, ಆದರೆ ಜಗಳವಿಲ್ಲ. ಇಂದು ಮುಳ್ಳಿಲಿ ಗೆಳೆಯನಿಗಾಗಿ ರಾಸ್ಬೆರಿ ಜಾಮ್ ಕಟ್ಟಿಕೊಂಡು ಹೊರಟಿದೆ. ಕೈಯಲ್ಲಿ ಪುಟ್ಟ ಗಂಟು.

ದಾರಿಯಲ್ಲಿ ಒಂದು ನೀರಿನ ಹೊಂಡ ಬರುತ್ತದೆ. ಹೊಂಡದಲ್ಲಿ ನಕ್ಷತ್ರ ಕಾಣುತ್ತದೆ, ಮುಳ್ಳಿಲಿ ನಿಂತು ನೋಡುತ್ತದೆ. ಆಮೇಲೆ ಒಂದು ಬಾವಿ. ಬಾವಿಗೆ ಬಗ್ಗಿ ಕೂಗುತ್ತದೆ, ಪ್ರತಿಧ್ವನಿ ಬರುತ್ತದೆ, ಅದಕ್ಕೆ ಖುಷಿ. ನೀವು ನಕ್ಕಿದ್ದು ಇಲ್ಲಿಯೇ, ಯಾಕೆಂದರೆ ಹಿಂದೆ ಒಂದು ಕೊಂಬಿನ ಗೂಬೆ ಬರುತ್ತಿದೆ. ಮುಳ್ಳಿಲಿ ಮಾಡಿದ್ದನ್ನೆಲ್ಲ ಅದೂ ಮಾಡುತ್ತದೆ. ಹೊಂಡ ನೋಡುತ್ತದೆ, ಬಾವಿಗೆ ಕೂಗುತ್ತದೆ. ನಕ್ಕ ನಂತರ ಒಂದು ಕ್ಷಣ ಯೋಚಿಸಿ. ಗೂಬೆಗೆ ಮುಳ್ಳಿಲಿ ಆಹಾರ. ಬೆನ್ನಿಗೇ ಸಾವು ನಡೆದು ಬರುತ್ತಿದೆ, ಈ ಪುಟ್ಟಣ್ಣ ಬಾವಿಯ ಪ್ರತಿಧ್ವನಿಗೆ ಹಿಗ್ಗುತ್ತಿದ್ದಾನೆ. ಬೇರೆ ಯಾವ ಕಾರ್ಟೂನಾದರೂ ಇಲ್ಲಿಂದ ಓಟ ಶುರುಮಾಡುತ್ತಿತ್ತು. ಗೂಬೆ ಅಟ್ಟಿಸಿಕೊಂಡು ಬರಬೇಕು, ಮುಳ್ಳಿಲಿ ತಪ್ಪಿಸಿಕೊಳ್ಳಬೇಕು, ನಾವು ಕುರ್ಚಿಯ ತುದಿಗೆ ಬರಬೇಕು. ಇಲ್ಲಿ ಗೂಬೆ ಬಂದ ಕೆಲಸವನ್ನೇ ಮರೆಯುತ್ತದೆ. ಮುಳ್ಳಿಲಿ ನೋಡುವುದನ್ನು ನೋಡುತ್ತಾ ನೋಡುತ್ತಾ ಅದಕ್ಕೂ ಹೊಂಡದ ನಕ್ಷತ್ರ ಕಂಡುಬಿಡುತ್ತದೆ. ನಾನು ಈ ಚಿತ್ರವನ್ನು ಎಷ್ಟೋ ಸಲ ನೋಡಿದ ಮೇಲೆ ನನಗೆ ಹೊಳೆದದ್ದು ಇದು. ಮೊದಮೊದಲು ನಾನೂ ಗೂಬೆಯನ್ನು ಬರೀ ನಗೆಗಾಗಿ ಇಟ್ಟಿದ್ದಾರೆ ಅಂದುಕೊಂಡಿದ್ದೆ.

ಇನ್ನು ಕುದುರೆ. ಗುಡ್ಡದ ಕೆಳಗೆ ಮಂಜು ತುಂಬಿಕೊಂಡಿದೆ. ಕನ್ನಡದಲ್ಲಿ ನಾವು ಹಿಮಕ್ಕೂ ಮಂಜು ಎನ್ನುತ್ತೇವೆ, ಬೆಳಗಿನ ಇಬ್ಬನಿಗೂ ಕೆಲವು ಕಡೆ ಮಂಜು ಎನ್ನುತ್ತೇವೆ. ಇದು ಹಳೆಯ ಕನ್ನಡದ 'ಕಾವಳ' ಎಂಬ ಮಾತಿಗೆ ಹತ್ತಿರದ ಮಂಜು, ಸಂಜೆ ತಗ್ಗಿನಲ್ಲಿ ಹಾಲಿನಂತೆ ನಿಂತುಕೊಳ್ಳುವಂಥದ್ದು. ಆ ಬಿಳುಪಿನೊಳಗೆ ಒಂದು ಬಿಳಿ ಕುದುರೆ ನಿಂತಿದೆ. ಬಿಳಿಯೊಳಗೆ ಬಿಳಿ. ಅದನ್ನು ಕಂಡ ಮುಳ್ಳಿಲಿಗೆ ಒಂದು ಅನುಮಾನ ಬರುತ್ತದೆ. ಈ ಕುದುರೆ ಮಲಗಿಕೊಂಡರೆ ಮಂಜಿನಲ್ಲಿ ಉಸಿರುಕಟ್ಟಿ ಮುಳುಗಿಬಿಡುತ್ತದೆಯೇ?

ಮಗುವೊಂದೇ ಕೇಳಬಲ್ಲ ಪ್ರಶ್ನೆ ಇದು. ದೊಡ್ಡವರಿಗೆ ಮಂಜು ನೀರಲ್ಲ ಎಂದು ಗೊತ್ತು. ಮುಳ್ಳಿಲಿಗೆ ಗೊತ್ತಿಲ್ಲ, ಆದ್ದರಿಂದ ಅದು ಏನು ಮಾಡುತ್ತದೆ? ಒಳಗೆ ಹೇಗಿದೆ ಎಂದು ನೋಡಲು ಮೆಲ್ಲಗೆ ಗುಡ್ಡ ಇಳಿಯುತ್ತದೆ. ಯಾರೂ ಅದನ್ನು ಮಂಜಿನೊಳಕ್ಕೆ ತಳ್ಳಲಿಲ್ಲ. ದಾರಿ ತಪ್ಪಿ ಹೋಗಲಿಲ್ಲ. ಕುದುರೆಗೆ ಏನಾಗುತ್ತದೋ ಎಂಬ ಕಾಳಜಿ ಅದನ್ನು ಇಳಿಸಿತು. ಕರಡಿಮರಿಯ ಮನೆಯ ದಾರಿ ನೇರ ಇತ್ತು, ಚಹಾ ಕಾಯುತ್ತಿತ್ತು. ಇದನ್ನು ಮರೆಯಬೇಡಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ ಈ ಮಂಜನ್ನು ಹೇಗೆ ಮಾಡಿದರು ಎಂಬುದಕ್ಕೆ ಬರುತ್ತೇನೆ. ಕಂಪ್ಯೂಟರ್ ಇಲ್ಲದ ಕಾಲ. ಹೊಗೆ ಬಿಟ್ಟರೆ ಆಗುವುದಿಲ್ಲ, ಯಾಕೆಂದರೆ ಅನಿಮೇಷನ್‌ನಲ್ಲಿ ಒಂದೊಂದು ಚೌಕಟ್ಟನ್ನೂ ಬೇರೆ ಬೇರೆಯಾಗಿ ಕ್ಯಾಮೆರಾದಲ್ಲಿ ತೆಗೆಯಬೇಕು. ಸೆಕೆಂಡಿಗೆ 24 ಚೌಕಟ್ಟು ಎಂದರೆ ಹತ್ತು ನಿಮಿಷಕ್ಕೆ 14,400. ಎರಡು ಚೌಕಟ್ಟಿನ ನಡುವೆ ಹೊಗೆ ತನ್ನ ಪಾಡಿಗೆ ಎಲ್ಲಿಗೋ ಹೋಗಿರುತ್ತದೆ.

ನನ್ನ ಕೈಯಲ್ಲಿರುವುದು ಬಟರ್ ಪೇಪರ್. ಬೇಕರಿಯಲ್ಲಿ ಕೇಕಿನ ಕೆಳಗೆ ಹಾಕುತ್ತಾರಲ್ಲ, ಅದೇ. ಇದು ಕ್ಯಾಲೆಂಡರಿನ ಒಂದು ಚಿತ್ರ. ಹಾಳೆಯನ್ನು ಚಿತ್ರದ ಮೇಲೆ ಅಂಟಿದಂತೆ ಇಡುತ್ತೇನೆ. ಮುಂದಿನ ಸಾಲಿನವರಿಗೆ ಕಾಣುತ್ತಿದೆಯಲ್ಲ? ಗೆರೆಗೆರೆಯೂ ಕಾಣುತ್ತಿದೆ, ಸ್ವಲ್ಪ ಮಬ್ಬು ಅಷ್ಟೆ. ಈಗ ಹಾಳೆಯನ್ನು ಒಂದು ಬೆರಳಿನಷ್ಟು ಮೇಲಕ್ಕೆತ್ತುತ್ತೇನೆ. ಅಂಚುಗಳು ಕರಗಿದವು. ಇನ್ನೊಂದು ಬೆರಳು. ಬಣ್ಣ ಮಾತ್ರ ಉಳಿಯಿತು. ಒಂದು ಗೇಣು ಎತ್ತಿದರೆ ಬರೀ ಬಿಳಿ. ಚಿತ್ರ ಅಲ್ಲೇ ಇದೆ, ನಾವು ಅದನ್ನು ಮುಟ್ಟಿಯೂ ಇಲ್ಲ. ಹಾಳೆಯ ನಾರಿನಲ್ಲಿ ಬೆಳಕು ಚೆದರುತ್ತದೆ. ಹಾಳೆ ಚಿತ್ರದಿಂದ ದೂರವಾದಷ್ಟೂ ಒಂದು ಬಿಂದುವಿನ ಬೆಳಕು ಅಗಲವಾಗಿ ಹರಡಿ ಪಕ್ಕದ ಬಿಂದುವಿನೊಂದಿಗೆ ಬೆರೆತುಹೋಗುತ್ತದೆ.

ನೋರ್ಷ್ಟೇನ್ ಮತ್ತು ಝುಕೋವ್‌ಸ್ಕಿ ಮಾಡಿದ್ದು ಇದನ್ನೇ. ಚಿತ್ರದ ಮೇಲೆ ಬಹಳ ತೆಳುವಾದ ಹಾಳೆ ಹಾಸಿ, ಚೌಕಟ್ಟಿನಿಂದ ಚೌಕಟ್ಟಿಗೆ ಅದನ್ನು ಸ್ವಲ್ಪ ಸ್ವಲ್ಪವೇ ಕ್ಯಾಮೆರಾದ ಕಡೆಗೆ ಎತ್ತುತ್ತಾ ಹೋದರು. ಮುಳ್ಳಿಲಿ ಮಂಜಿನಲ್ಲಿ ಕರಗುತ್ತದೆ. ಹಾಳೆ ಇಳಿಸಿದರೆ ಮಂಜಿನಿಂದ ಕುದುರೆ ಮೂಡುತ್ತದೆ. ಇಷ್ಟೇ ಉಪಾಯ. ನಾನು ಇದನ್ನು ಮೊದಲ ಸಲ ತಿಳಿದಾಗ ರಾತ್ರಿ ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲಿ ಬಟರ್ ಪೇಪರ್ ಹುಡುಕಿ, ಟಾರ್ಚ್ ಹಿಡಿದು, ಮಗಳ ಪುಸ್ತಕದ ಚಿತ್ರದ ಮೇಲೆ ಇಟ್ಟು ನೋಡಿದ್ದೆ. ಮಾರನೇ ದಿನ ಮಗಳು ಅದೇ ಆಟ ಆಡಿದಳು, ಇಡೀ ಪುಸ್ತಕ ಮುಗಿಯುವವರೆಗೆ.

ಇಲ್ಲಿ ಕೂತಿರುವ ಎಷ್ಟು ಜನ ತೊಗಲುಗೊಂಬೆ ಆಟ ನೋಡಿದ್ದೀರಿ? ಅಲ್ಲಿ ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಅಂಚು ಖಚಿತವಾಗಿ ಕಾಣುತ್ತದೆ, ಒಂದೊಂದು ತೂತೂ ಎಣಿಸಬಹುದು. ಆಡಿಸುವವರು ಗೊಂಬೆಯನ್ನು ದೀಪದ ಕಡೆಗೆ ಎಳೆದರೆ ಅದು ದೊಡ್ಡದಾಗಿ ಮಸುಕಾಗಿ ಹೋಗುತ್ತದೆ. ಬೆಳಕಿನ ಗುಣ ಎರಡು ಕಡೆಯೂ ಒಂದೇ. ನಮ್ಮ ಗೊಂಬೆಯವರು ಇದನ್ನು ಕೈಯ ಲೆಕ್ಕದಲ್ಲೇ ಬಲ್ಲರು, ಯಾರೂ ಅವರಿಗೆ ಭೌತಶಾಸ್ತ್ರ ಹೇಳಿಕೊಟ್ಟಿದ್ದಲ್ಲ.

ಇನ್ನೂ ಒಂದು ಹೋಲಿಕೆ ಇದೆ. ಮುಳ್ಳಿಲಿಯೂ ಒಂದು ರೀತಿಯ ಗೊಂಬೆಯೇ, ಕತ್ತರಿಸಿದ ತುಂಡುಗಳಿಂದ ಮಾಡಿದ್ದು. ಸಾಮಾನ್ಯ ಕಾರ್ಟೂನಿನಲ್ಲಿ ಪ್ರತಿ ಚಲನೆಗೂ ಹೊಸ ಚಿತ್ರ ಬರೆಯುತ್ತಾರೆ. ಇಲ್ಲಿ ಮೈ ಒಂದು ತುಂಡು, ಕಾಲು ಒಂದು ತುಂಡು, ಕಣ್ಣು, ಮೂತಿ, ಎಲ್ಲ ಬೇರೆ ಬೇರೆ. ತೊಗಲುಗೊಂಬೆಯಲ್ಲಿ ಕೀಲುಗಳನ್ನು ದಾರದಿಂದ ಕಟ್ಟಿರುತ್ತಾರೆ. ನೋರ್ಷ್ಟೇನ್ ಕಟ್ಟುವುದಿಲ್ಲ. ತುಂಡುಗಳನ್ನು ಗಾಜಿನ ಮೇಲೆ ಸುಮ್ಮನೆ ಇಟ್ಟು ಚಿಮಟದಿಂದ ಕೂದಲೆಳೆಯಷ್ಟು ಸರಿಸಿ ಒಂದು ಚೌಕಟ್ಟು ತೆಗೆಯುತ್ತಾರೆ. ಮತ್ತೆ ಸರಿಸುತ್ತಾರೆ. ಕ್ಯಾಮೆರಾ ಮೇಲಿನಿಂದ ಕೆಳಕ್ಕೆ ನೋಡುತ್ತಿರುತ್ತದೆ. ಕೆಳಗೆ ಒಂದರ ಕೆಳಗೊಂದು ಗಾಜಿನ ಅಂತಸ್ತುಗಳು. ಒಂದರ ಮೇಲೆ ಹುಲ್ಲು, ಅದರ ಕೆಳಗಿನದರಲ್ಲಿ ಮುಳ್ಳಿಲಿ, ಅದರ ಕೆಳಗೆ ಮರ. ಗಾಜಿನ ಅಂತಸ್ತು ಹೊಸತೇನಲ್ಲ. ಜರ್ಮನಿಯ ಲೋಟೆ ರೈನಿಗರ್ 1926ರಲ್ಲೇ ನೆರಳಿನ ಗೊಂಬೆಗಳೊಂದಿಗೆ ಇಂಥದ್ದನ್ನು ಬಳಸಿದ್ದರು, ಡಿಸ್ನಿಯವರು 1937ರಲ್ಲಿ ದೊಡ್ಡ ಯಂತ್ರವನ್ನೇ ಕಟ್ಟಿ ಬಳಸಿದರು. ಆದರೆ ಆ ಗಾಜುಗಳ ನಡುವಿನ ಗಾಳಿಯನ್ನೇ ತೋರಿಸಿದವರು ಇವರು. ಈ ಕಾಡಿನಲ್ಲಿ ತೇವ ಇದೆ, ತಂಪು ಇದೆ. ನೋಡುತ್ತಾ ನೋಡುತ್ತಾ ನನ್ನ ಅಂಗಿಯ ತೋಳು ಒದ್ದೆಯಾದಂತೆ ಅನ್ನಿಸುತ್ತದೆ.

ನೋರ್ಷ್ಟೇನ್ ಬಗ್ಗೆ ಎರಡು ಮಾತು. 1941ರಲ್ಲಿ, ಯುದ್ಧದ ನಡುವೆ, ಪೆನ್ಜಾ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಬೆಳೆದದ್ದು ಮಾಸ್ಕೋದ ಮಾರ್ಯಿನಾ ರೋಶ್ಚಾ ಎಂಬ ಬಡಾವಣೆಯಲ್ಲಿ. ಕೆಲಕಾಲ ಪೀಠೋಪಕರಣದ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಸ್ಟುಡಿಯೋದ ತರಬೇತಿ ಮುಗಿಸಿ 1961ರಲ್ಲಿ ಕೆಲಸಕ್ಕೆ ಸೇರಿದರು. ಮರಗೆಲಸದ ಕೈ ಅದು. ಆ ಕೈ ಈ ಚಿತ್ರದಲ್ಲಿ ನನಗೆ ಕಾಣುತ್ತದೆ, ಅಂಗುಲದ ಎಷ್ಟೋ ಪಾಲನ್ನು ಅಳೆದು ಇಡುವ ಕೈ. ರಷ್ಯನ್ ಲೇಖಕ ಗೊಗೊಲ್‌ನ 'ಓವರ್‌ಕೋಟ್' ಕಥೆಯನ್ನು ಚಿತ್ರ ಮಾಡಲು 1981ರಲ್ಲಿ ಶುರುಮಾಡಿದ್ದು ಇಂದಿಗೂ ಮುಗಿದಿಲ್ಲ. ಅದನ್ನು ಕೇಳಿ ಕೆಲವರು ಆಶ್ಚರ್ಯಪಡುತ್ತಾರೆ. ಒಂದು ಮುಳ್ಳಿಲಿಯ ಕಣ್ಣು ಸರಿಯಾಗಿ ತಿರುಗುವವರೆಗೆ ಕಾಯುವವರಿಗೆ ಕಾಲ ಹಾಗೇ ನಡೆಯುತ್ತದೆ. ನನಗೆ ಅವರ ಮೇಲೆ ಬಹಳ ಗೌರವ. ಯಾರ್ಬುಸೊವಾ ಅವರ ಹೆಸರನ್ನೂ ಅಷ್ಟೇ ಗೌರವದಿಂದ ಹೇಳಬೇಕು. ಮುಳ್ಳಿಲಿಯ ಆ ಮೂತಿ, ಪಕ್ಕದಿಂದ ಕಾಣುವ ಆ ರೂಪ, ಬೆರಗಿನಲ್ಲಿ ನಿಂತ ಆ ಕಣ್ಣು ಅವರ ಕೈಯಿಂದ ಬಂದದ್ದು.

ಮತ್ತೆ ಮಂಜಿನೊಳಗೆ ಹೋಗೋಣ. ಇಳಿದ ಮುಳ್ಳಿಲಿಗೆ ತನ್ನ ಕೈಯೇ ಕಾಣುವುದಿಲ್ಲ. "ಕುದುರೇ" ಎಂದು ಕೂಗುತ್ತದೆ. ಉತ್ತರ ಇಲ್ಲ. ಒಂದು ಎಲೆ ಮೇಲಿನಿಂದ ಬೀಳುತ್ತದೆ, ಬೆಚ್ಚಿ ಹಿಂದೆ ಸರಿಯುತ್ತದೆ. ಬಸವನಹುಳು ಕಾಣುತ್ತದೆ. ಗೂಬೆಯ ಮುಖ ಒಮ್ಮೆಗೇ ಬಿಳುಪಿನಿಂದ ಹೊರಬಂದು ಕೂಗಿ ಮಾಯವಾಗುತ್ತದೆ. ಆಗ ಮುಳ್ಳಿಲಿ ಒಂದೇ ಒಂದು ಮಾತು ಹೇಳುತ್ತದೆ, ನಮ್ಮಲ್ಲಿ 'ತಲೆಕೆಟ್ಟವನು' ಎಂದು ಗೊಣಗುತ್ತೇವಲ್ಲ ಹಾಗೆ. ಸಾವನ್ನು ಎದುರಿಗೇ ಕಂಡು ಅದರ ಬಗ್ಗೆ ಇದ್ದ ಅಭಿಪ್ರಾಯ ಅಷ್ಟು!

ಆಮೇಲೆ ಮರ. ಈ ಹತ್ತು ನಿಮಿಷದಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ. ಮುಳ್ಳಿಲಿ ಗಂಟನ್ನು ಕೆಳಗಿಟ್ಟು ಒಂದು ಕೋಲು ಹಿಡಿದು ಮಂಜನ್ನು ತಡವುತ್ತಾ ಹೋಗುತ್ತದೆ, ಕುರುಡರು ಹೋಗುವ ಹಾಗೆ. ಕೋಲಿಗೆ ಏನೋ ತಾಗುತ್ತದೆ. ತೊಗಟೆ. ಅದು ತಲೆ ಎತ್ತುತ್ತದೆ, ಕ್ಯಾಮೆರಾವೂ ತಲೆ ಎತ್ತುತ್ತದೆ, ಮೇಲೆ, ಇನ್ನೂ ಮೇಲೆ, ಕೊನೆಗೆ ಒಂದು ಮಹಾವೃಕ್ಷ ಇಡೀ ಪರದೆ ತುಂಬಿ ನಿಲ್ಲುತ್ತದೆ. ಅಷ್ಟು ಹೊತ್ತು ಅದು ಅಲ್ಲೇ ಇತ್ತು, ಒಂದು ಮಾರು ದೂರದಲ್ಲಿ. ಶೃಂಗೇರಿಯಲ್ಲೋ ಬೇಲೂರಿನಲ್ಲೋ ದೇವಸ್ಥಾನದ ಕಂಬವನ್ನು ಮೊದಲ ಸಲ ಬುಡದಿಂದ ಮೇಲಕ್ಕೆ ನೋಡಿದ ಮಗುವಿನ ಕತ್ತು ಹೇಗೆ ಹಿಂದಕ್ಕೆ ಬಾಗುತ್ತದೆ, ಹಾಗೆ ಬಾಗುತ್ತದೆ ಮುಳ್ಳಿಲಿಯ ಕತ್ತು. ಇಲ್ಲಿ ಹೆದರಿಕೆ ಎಲ್ಲಿ ಮುಗಿದು ಬೆರಗು ಎಲ್ಲಿ ಶುರುವಾಯಿತು ಎಂದು ಯಾರಾದರೂ ಬೆರಳಿಟ್ಟು ತೋರಿಸಲಿ ನೋಡೋಣ. ನನ್ನಿಂದ ಇಂದಿಗೂ ಆಗಿಲ್ಲ.

ಬೆರಗಿನಲ್ಲಿ ಗಂಟು ಮರೆತೇಹೋಯಿತು. ನೆನಪಾಗಿ ತಿರುಗಿ ಬಂದರೆ ಗಂಟಿಲ್ಲ. ಕರಡಿಮರಿಗೆಂದು ತಂದ ಜಾಮ್! ಒಂದು ಮಿಂಚುಹುಳವನ್ನು ಕೋಲಿನ ತುದಿಗೆ ದೀಪದಂತೆ ಹಿಡಿದು ಹುಡುಕುತ್ತದೆ. ಆ ಬೆಳಕೂ ಕೈಬಿಡುತ್ತದೆ. ಇಲ್ಲಿ ನಿಜವಾದ ಭಯ ಬರುತ್ತದೆ, ಸುತ್ತ ಕತ್ತಲು ತಿರುಗುತ್ತದೆ. ಗಮನಿಸಿ, ಸ್ವಂತ ದಾರಿ ತಪ್ಪಿದಾಗ ಇಷ್ಟು ಹೆದರಿರಲಿಲ್ಲ. ಗೆಳೆಯನಿಗೆ ಕೊಡಬೇಕಾದದ್ದು ಕಳೆದಾಗ ಹೆದರಿತು.

ಅಷ್ಟರಲ್ಲಿ ಉಸಿರಾಟದ ಸದ್ದು. ಮಂಜಿನೊಳಗಿಂದ ಒಂದು ನಾಯಿಯ ದೊಡ್ಡ ಮುಖ. ಮೂಸುತ್ತದೆ, ಹೋಗುತ್ತದೆ. ಕಚ್ಚುವುದಿಲ್ಲ. ಸ್ವಲ್ಪ ಹೊತ್ತಿಗೆ ಅದೇ ನಾಯಿ ಬಾಯಲ್ಲಿ ಗಂಟು ಕಚ್ಚಿಕೊಂಡು ತಂದು ಕೊಡುತ್ತದೆ. ತಂದುಕೊಟ್ಟು ನಿಲ್ಲುವುದೂ ಇಲ್ಲ.

ಈ ಚಿತ್ರವನ್ನು ಮಕ್ಕಳಿಗೆ ತೋರಿಸಬಹುದೇ, ಹೆದರುವುದಿಲ್ಲವೇ ಎಂದು ಶಿಕ್ಷಕರು ನನ್ನನ್ನು ಅನೇಕ ಸಲ ಕೇಳಿದ್ದಾರೆ. ಹೆದರುತ್ತಾರೆ. ನಾಯಿಯ ಮುಖ ಬಂದಾಗ ಒಂದು ಕೊಠಡಿ ತುಂಬ ಮಕ್ಕಳು ಒಟ್ಟಿಗೆ ಹಿಂದಕ್ಕೆ ವಾಲಿದ್ದನ್ನು ನಾನೇ ನೋಡಿದ್ದೇನೆ. ಇವತ್ತು ಇಲ್ಲಿಯೂ ಕೆಲವರು ವಾಲಿದಿರಿ. ಆದರೆ ಈ ಭಯಕ್ಕೆ ಖಳನಿಲ್ಲ. ಮಂಜಿಗೆ ಮುಳ್ಳಿಲಿಯ ಮೇಲೆ ಯಾವ ದ್ವೇಷವೂ ಇಲ್ಲ, ಅದು ತನ್ನ ಪಾಡಿಗೆ ಕವಿದಿದೆ. ಮಕ್ಕಳ ದಿನನಿತ್ಯದ ಭಯ ಹೆಚ್ಚಾಗಿ ಇಂಥದ್ದೇ ಅಲ್ಲವೇ? ಕರೆಂಟು ಹೋದಾಗಿನ ಕತ್ತಲು, ಜಾತ್ರೆಯಲ್ಲಿ ಅಪ್ಪನ ಕೈ ಜಾರಿದ ಕ್ಷಣ, ಹೊಸ ಶಾಲೆಯ ಮೊದಲ ದಿನದ ಕಾರಿಡಾರು. ಅಲ್ಲೆಲ್ಲ ರಾಕ್ಷಸನಿಲ್ಲ, ಹೊಡೆದು ಗೆಲ್ಲಲು ಎದುರಾಳಿಯೂ ಇಲ್ಲ. ರಾಕ್ಷಸನನ್ನು ಕೊಲ್ಲುವ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಅವೂ ಇರಲಿ. ಈ ಇನ್ನೊಂದು ಭಯವನ್ನು ಹೀಗೆ ಮೈದಡವಿ ತೋರಿಸಿದ್ದು ಮಾತ್ರ ಬಹಳ ಅಪರೂಪ. ನಾನು ಶಿಕ್ಷಕರಿಗೆ ಹೇಳುವುದು ಒಂದೇ, ತೋರಿಸಿ, ಆದರೆ ಪಕ್ಕದಲ್ಲಿ ಕೂತು ತೋರಿಸಿ. ನಡುವೆ ನಿಲ್ಲಿಸಿ ವಿವರಿಸಬೇಡಿ.

ದೂರದಿಂದ ಕರಡಿಮರಿ ಕೂಗುವುದು ಕೇಳುತ್ತದೆ. ಮುಳ್ಳಿಲಿ ದನಿಯ ಕಡೆಗೆ ಓಡುತ್ತದೆ, ಓಡಿ ನದಿಗೆ ಬೀಳುತ್ತದೆ.

ನದಿಯನ್ನು ನೋಡಿದಿರಲ್ಲ, ಅದು ಬರೆದ ನೀರಿನಂತೆ ಕಾಣುವುದೇ ಇಲ್ಲ. ನಿಜವಾದ ನೀರಿನ ಹೊಳಪು, ಅದರ ಮೇಲೆ ಬೆನ್ನಡಿಯಾಗಿ ತೇಲುವ ಪುಟ್ಟ ಮೈ. ಮುಳ್ಳಿಲಿ ಮೊದಲು ಅಂದುಕೊಳ್ಳುತ್ತದೆ, ನಾನು ನದಿಯಲ್ಲಿದ್ದೇನೆ, ನದಿಯೇ ನನ್ನನ್ನು ಹೊತ್ತುಕೊಂಡು ಹೋಗಲಿ. ಆಳವಾಗಿ ಉಸಿರೆಳೆದುಕೊಳ್ಳುತ್ತದೆ. ಹೊಳೆಯ ಪಕ್ಕದ ಊರಿನವರಿಗೆ ಗೊತ್ತು, ಈಜು ಕಲಿಸುವಾಗ ಮೊದಲು ಹೇಳುವ ಪಾಠವೇ ಇದು. ಕೈಕಾಲು ಬಡಿಯಬೇಡ, ಮಲಗು, ನೀರು ಹಿಡಿದುಕೊಳ್ಳುತ್ತದೆ. ಆಮೇಲೆ ಮುಳ್ಳಿಲಿಗೆ ಪೂರ್ತಿ ನೆನೆದುಹೋದೆ, ಇನ್ನು ಮುಳುಗುತ್ತೇನೆ ಎಂಬ ಯೋಚನೆ ಬರುತ್ತದೆ.

ಇಲ್ಲಿ ಕುದುರೆಯ ಪ್ರಶ್ನೆಯನ್ನು ನೆನಪಿಸಿಕೊಳ್ಳಿ. ಕುದುರೆ ಮಲಗಿದರೆ ಮಂಜಿನಲ್ಲಿ ಮುಳುಗುತ್ತದೆಯೇ ಎಂದು ತಿಳಿಯಲು ಹೊರಟದ್ದು. ಈಗ ತಾನೇ ನೀರಿನ ಮೇಲೆ ಮಲಗಿದೆ. ಕುದುರೆಗೆ ಕೇಳಿದ ಪ್ರಶ್ನೆಯ ಉತ್ತರವನ್ನು ತನ್ನ ಮೈಯಿಂದಲೇ ಕಂಡುಕೊಳ್ಳುತ್ತಿದೆ. ಕಥೆಗಾರ ಇದನ್ನು ಎಲ್ಲೂ ಎತ್ತಿ ಹೇಳುವುದಿಲ್ಲ, ಹಾಗಾಗಿ ನಾನು ಹೇಳುವುದೂ ಸ್ವಲ್ಪ ಹೆಚ್ಚಾಯಿತೇನೋ. ಆದರೆ ಇಷ್ಟು ಸಣ್ಣ ಚಿತ್ರದೊಳಗೆ ಇಷ್ಟು ಗಟ್ಟಿಯಾದ ಹೆಣಿಗೆ ಇರುವುದನ್ನು ತೋರಿಸದೆ ಬಿಡಲು ನನಗೆ ಮನಸ್ಸಾಗುವುದಿಲ್ಲ.

ಆಗ ಕೆಳಗಿನಿಂದ ಯಾರೋ ತಾಗುತ್ತಾರೆ. 'ಯಾರೋ' ಎಂದೇ ಚಿತ್ರ ಕರೆಯುತ್ತದೆ. ಬಹಳ ಮರ್ಯಾದೆಯಿಂದ ಆ ಯಾರೋ ಕೇಳುತ್ತಾರೆ, ಕ್ಷಮಿಸಿ, ನೀವು ಯಾರು, ಇಲ್ಲಿಗೆ ಹೇಗೆ ಬಂದಿರಿ? ನಾನು ಮುಳ್ಳಿಲಿ, ನದಿಗೆ ಬಿದ್ದೆ. ಹಾಗಾದರೆ ನನ್ನ ಬೆನ್ನ ಮೇಲೆ ಕೂತುಕೊಳ್ಳಿ, ದಡಕ್ಕೆ ಬಿಡುತ್ತೇನೆ. ಧನ್ಯವಾದ ಹೇಳಿದರೆ, ಪರವಾಗಿಲ್ಲ ಎಂಬ ಉತ್ತರ. ಮೀನೋ, ಇನ್ನೇನೋ, ಕೊನೆಗೂ ಕಾಣುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಹಿರಿಯರು ಕಷ್ಟದ ಕಾಲದ ಕಥೆ ಹೇಳುವಾಗ 'ಯಾರೋ ಪುಣ್ಯಾತ್ಮರು' ಎನ್ನುತ್ತಾರೆ. ರಾತ್ರಿ ಗಾಡಿ ನಿಲ್ಲಿಸಿದ ಯಾರೋ ಪುಣ್ಯಾತ್ಮರು, ಆಸ್ಪತ್ರೆಗೆ ದಾರಿ ತೋರಿಸಿದ ಯಾರೋ ಪುಣ್ಯಾತ್ಮರು. ಹೆಸರು ಕೇಳಿರುವುದಿಲ್ಲ, ಮುಖ ನೆನಪಿರುವುದಿಲ್ಲ, ಬೆನ್ನು ಮಾತ್ರ ನೆನಪಿರುತ್ತದೆ. ನನ್ನ ಅಜ್ಜಿಯ ಕಥೆಗಳಲ್ಲಿ ಅಂಥವರು ಬಹಳ ಜನ ಇದ್ದರು.

ದಡದಲ್ಲಿ ಕರಡಿಮರಿ. ಅದರ ಮಾತು ನಿಲ್ಲುವುದೇ ಇಲ್ಲ. ಕೂಗಿದೆ, ಕೂಗಿದೆ, ನೀನು ಓಗೊಡಲೇ ಇಲ್ಲ. ಜಗುಲಿಯಲ್ಲಿ ಚಹಾ ನೀರು ಕಾಯಿಸುವ ಸಮೋವರ್ ಇಟ್ಟೆ, ಬೆತ್ತದ ಕುರ್ಚಿ ಎಳೆದು ಹಾಕಿದೆ, ಉರಿ ಹಾಕಲು ಜೂನಿಪರ್ ಗಿಡದ ಕಡ್ಡಿಗಳನ್ನೂ ತಂದೆ. ನೀನಿಲ್ಲದಿದ್ದರೆ ನಕ್ಷತ್ರ ಎಣಿಸಲು ಯಾರಿದ್ದಾರೆ? ತಡವಾಗಿ ಮನೆಗೆ ಬಂದವರನ್ನು ನಮ್ಮ ಮನೆಗಳಲ್ಲಿ ಬೈಯುವುದು ಹೀಗೆಯೇ ಅಲ್ಲವೇ? ಅನ್ನ ಆರಿಹೋಯಿತು, ಸಾರು ಎರಡು ಸಲ ಬಿಸಿ ಮಾಡಿದೆ, ಎಲ್ಲಿ ಹೋಗಿದ್ದೆ. ಹೆದರಿದ್ದೆ ಎಂದು ಯಾರೂ ಹೇಳುವುದಿಲ್ಲ. ಸಮೋವರ್ ಎಂಬ ಪದವನ್ನು ನಾನು ಕಲಿತದ್ದೂ ಹೀಗೇ ಒಂದು ಕರಡಿಯ ಕಥೆಯಿಂದ. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ನವಕರ್ನಾಟಕದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಮಕ್ಕಳ ಪುಸ್ತಕಗಳು ನೆನಪಿರಬೇಕು. ದಪ್ಪ ಕಾಗದ, ಬಣ್ಣಬಣ್ಣದ ಚಿತ್ರ, ಹಿಮದ ಕಾಡು. ಹಿಮವನ್ನೇ ಕಾಣದ ನಾವು ಆ ಕಾಡುಗಳಲ್ಲಿ ಓಡಾಡಿ ಬೆಳೆದವರು. ಈ ಚಿತ್ರ ಮೊದಲ ಸಲ ನೋಡಿದಾಗ ಗುರುತಿನ ಊರಿಗೆ ಹೋದಂತೆ ಅನ್ನಿಸಿದ್ದಕ್ಕೆ ಅದೂ ಒಂದು ಕಾರಣ.

ಪ್ರಶಸ್ತಿಗಳ ವಿಷಯ ಕೇಳುತ್ತಾರೆ, ಹೇಳಿಬಿಡುತ್ತೇನೆ. ನೋರ್ಷ್ಟೇನ್, ಯಾರ್ಬುಸೊವಾ, ಝುಕೋವ್‌ಸ್ಕಿ ಮೂವರಿಗೂ 1979ರಲ್ಲಿ ಸೋವಿಯತ್ ರಾಜ್ಯ ಪ್ರಶಸ್ತಿ ಬಂತು. 2003ರಲ್ಲಿ ಟೋಕಿಯೋದಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರ ಯಾವುದೆಂದು 140 ಮಂದಿ ಅನಿಮೇಷನ್ ಪರಿಣತರ ಮತ ಕೇಳಿದಾಗ ಈ ಚಿತ್ರ ಮೊದಲ ಸ್ಥಾನದಲ್ಲಿತ್ತು. 2009ರಲ್ಲಿ ಉಕ್ರೇನಿನ ಕೀವ್ ನಗರದಲ್ಲಿ ಮುಳ್ಳಿಲಿಗೆ ಒಂದು ಪ್ರತಿಮೆಯನ್ನೂ ನಿಲ್ಲಿಸಿದರು. ಮರದಲ್ಲಿ ಕೆತ್ತಿದ್ದು, ಮೈಯ ಮುಳ್ಳುಗಳೆಲ್ಲ ಸ್ಕ್ರೂಗಳು, ಕೈಯಲ್ಲಿ ಅದೇ ಗಂಟು.

ಈಗ ಕೊನೆಯ ದೃಶ್ಯ. ಇಬ್ಬರೂ ದಿಮ್ಮಿಯ ಮೇಲೆ ಕೂತಿದ್ದಾರೆ. ಕರಡಿಮರಿ ಮಾತಾಡುತ್ತಲೇ ಇದೆ. ಮುಳ್ಳಿಲಿ ಎದುರಿಗೆ ನೋಡುತ್ತಾ ಕೂತಿದೆ. ಮತ್ತೆ ಜೊತೆಯಾದೆವಲ್ಲ, ಎಷ್ಟು ಚೆನ್ನ ಎಂದು ಅದಕ್ಕೆ ಅನ್ನಿಸುತ್ತದೆ. ಸಾಮಾನ್ಯವಾಗಿ ಮಕ್ಕಳ ಕಥೆ ಇಲ್ಲಿ ಮುಗಿಯುತ್ತದೆ. ಮನೆ ಸೇರಿತು, ಚಹಾ ಇದೆ, ಗೆಳೆಯ ಇದ್ದಾನೆ. ಆದರೆ ಇನ್ನೊಂದು ಯೋಚನೆ ಬರುತ್ತದೆ. ಕುದುರೆ ಅಲ್ಲಿ ಹೇಗಿದೆಯೋ, ಆ ಮಂಜಿನಲ್ಲಿ?

ಇಷ್ಟೆಲ್ಲ ಆದ ಮೇಲೂ, ನಡುಗಿ, ನೆನೆದು, ಮುಳುಗುವಂತಾಗಿ ಬಂದ ಮೇಲೂ, ಕುದುರೆಯ ಚಿಂತೆ ಬಿಟ್ಟಿಲ್ಲ. ಕರಡಿಮರಿಗೆ ಇದು ಕೇಳಿಸುವುದಿಲ್ಲ. ಅದಕ್ಕೆ ಕುದುರೆ ಗೊತ್ತೇ ಇಲ್ಲ. ಎಷ್ಟೇ ಹತ್ತಿರ ಕೂತಿದ್ದರೂ ಇನ್ನು ಮುಂದೆ ಮುಳ್ಳಿಲಿಯೊಳಗೆ ಗೆಳೆಯನಿಗೆ ತಿಳಿಯದ ಒಂದು ಜಾಗ ಇದೆ, ಅಲ್ಲಿ ಒಂದು ಬಿಳಿ ಕುದುರೆ ನಿಂತಿದೆ. ಈ ಸಾಲು ಬಂದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ, ಇವತ್ತೂ ಕಟ್ಟಿತು.

ಅಮ್ಮನನ್ನು ಕೇಳಿದ ಆ ಹುಡುಗನಿಗೆ ನನ್ನ ಬಳಿ ಉತ್ತರ ಇಲ್ಲ, ಒಂದು ಚಿತ್ರ ಇದೆ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಶಾಲೆಯಲ್ಲಿ ಇದನ್ನು ತೋರಿಸಿ, ಏನು ಬೇಕಾದರೂ ಬರೆಯಿರಿ ಎಂದು ಹಾಳೆ, ಬಣ್ಣದ ಪೆನ್ಸಿಲು ಕೊಟ್ಟಿದ್ದೆವು. ಹೆಚ್ಚಿನವರು ಮುಳ್ಳಿಲಿ ಬರೆದರು, ಕೆಲವರು ನಾಯಿ, ಒಬ್ಬ ಗೂಬೆ. ಎರಡನೇ ತರಗತಿಯ ಒಬ್ಬಳು ಹಾಳೆಯನ್ನು ಹಾಗೇ ಬಿಳಿ ಬಿಟ್ಟಿದ್ದಳು. ಏನೂ ಬರೆದಿಲ್ಲವಲ್ಲ ಪುಟ್ಟಿ ಎಂದು ಹತ್ತಿರ ಹೋದೆ. ಬರೆದಿದ್ದಳು. ಹಾಳೆಯ ಮಧ್ಯದಲ್ಲಿ ಬಹಳ ತೆಳುವಾದ ಪೆನ್ಸಿಲ್ ಗೆರೆಯಲ್ಲಿ ಕುದುರೆ ಮಲಗಿತ್ತು. ಮಂಜು ಕತ್ತಿನವರೆಗೆ ಬಂದಿತ್ತು. ಮೂಗು ಮಾತ್ರ ಮೇಲಿರಲಿ ಎಂದು ತಲೆಯ ಕೆಳಗೆ ಒಂದು ದಿಂಬು ಇಟ್ಟಿದ್ದಳು. ಇಡೀ ಹಾಳೆಯಲ್ಲಿ ಬಣ್ಣ ಇದ್ದದ್ದು ಅದೊಂದಕ್ಕೇ. ಹಸಿರು ದಿಂಬು, ಅದರ ಮೇಲೆ ಸಣ್ಣ ಸಣ್ಣ ಕೆಂಪು ಹೂವು.